ಬೇಕಿಂಗ್ ಕಲ್ಲಿಗೆ ದೋಸೆ ಕಾವಲಿಯ ಉಪಚಾರ ಬೇಡ

ಓವನ್‌ನೊಳಗೆ ಇಟ್ಟು, ಕಾದ ಮೇಲೆ ಅದರ ಮೇಲೇ ಪಿಜ್ಜಾ, ಬನ್ ಬೇಯಿಸುವ ಕಲ್ಲು ಇದು. ಕಲ್ಲು ಚೆನ್ನಾಗಿದೆ. ಡಬ್ಬದೊಳಗೆ ಬಂದ ಚೀಟಿ ಮಾತ್ರ ದಂಡ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಪೂರ್ತಿ ಆ ಚೀಟಿಯ ಲೆಕ್ಕಕ್ಕೆ.

ನಾನು ತಗೊಂಡಿದ್ದು ದುಂಡನೆಯ ಸ್ಟೋನ್‌ವೇರ್ ಬೇಕಿಂಗ್ ಸ್ಟೋನ್. ಹೆಸರಿಗೆ ಕಲ್ಲು, ನಿಜಕ್ಕೂ ಅದು ಸುಮಾರು 1200 ಡಿಗ್ರಿ ಶಾಖದಲ್ಲಿ ಸುಟ್ಟ ಜೇಡಿಮಣ್ಣು. ಹೊಳಪಿನ ಲೇಪ ಇಲ್ಲ, ಕೈಗೆ ಒರಟು. 12 ಇಂಚು ಅಗಲ, ತೂಕ ಹತ್ತತ್ತಿರ ಎರಡು ಕೆಜಿ. ಇಲ್ಲೇ ದಾವಣಗೆರೆಯಲ್ಲಿ ಸಿಗಲಿ ಅಂತ ಮಂಡಿಪೇಟೆ ಕಡೆಯ ಪಾತ್ರೆ ಅಂಗಡಿಗಳಲ್ಲಿ ಕೇಳಿದೆ. ಅಲ್ಯೂಮಿನಿಯಂ ಪಿಜ್ಜಾ ತಟ್ಟೆ ತೋರಿಸಿದರು. ಒಬ್ಬರು ಪಾಪ, ಒಳಗೆ ಹೋಗಿ ಹುಡುಕಿ ಅಮೃತಶಿಲೆಯ ಚಪಾತಿ ಮಣೆ ತಂದರು. ಕೊನೆಗೆ ಆನ್‌ಲೈನೇ ಗತಿಯಾಯಿತು. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಥರದ ಕಲ್ಲು ಬೇರೆ ಬೇರೆ ಹೆಸರಲ್ಲಿ ಬರುತ್ತದೆ, ಲೇಪ ಇಲ್ಲದ ಯಾವ ಕಲ್ಲಿಗಾದರೂ ನಾನು ಹೇಳುವುದು ಹೊಂದುತ್ತದೆ.

ಪಾರ್ಸೆಲ್ ಬಿಚ್ಚಿದಾಗ ನಮ್ಮತ್ತೆ ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗಣ್ಣಿನಿಂದ ಸುತ್ತಲೂ ತಟ್ಟಿದರು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಮಾಡುವ ಪರೀಕ್ಷೆ. ಎಲ್ಲಾ ಕಡೆ ಠಣ್ ಅಂದರೆ ಸರಿ. ಎಲ್ಲಾದರೂ ಸದ್ದು ಮಂಕಾಗಿ ಬಂದರೆ ಒಳಗೆ ಕೂದಲೆಳೆಯಷ್ಟು ಸೀಳು ಇರುತ್ತದೆ, ವಾಪಸ್ ಕಳಿಸಿಬಿಡಿ. ನೀವೂ ತಟ್ಟಿ ನೋಡಿ. ಕಣ್ಣಿಗೆ ಕಾಣದ್ದು ಕಿವಿಗೆ ಗೊತ್ತಾಗುತ್ತದೆ.

ಕೆಲಸದ ವಿಷಯದಲ್ಲಿ ತಕರಾರಿಲ್ಲ. ತಗಡಿನ ತಟ್ಟೆಯಲ್ಲಿ ಪಿಜ್ಜಾದ ಅಡಿ ಮೆತ್ತಗೆ, ಬಿಳಿಚಿಕೊಂಡು ಇರುತ್ತಿತ್ತು. ಇದರ ಮೇಲೆ ಅಡಿ ಗರಿಗರಿ. ಲೇಪ ಇಲ್ಲದ್ದರಿಂದ ಹಿಟ್ಟಿನ ಪಸೆಯನ್ನು ಕಲ್ಲು ಎಳೆದುಕೊಳ್ಳುತ್ತದೆ, ಕೂಡಿಟ್ಟ ಬಿಸಿಯನ್ನು ಒಮ್ಮೆಲೇ ಹಿಟ್ಟಿಗೆ ಕೊಡುತ್ತದೆ. ಖಾರಾ ಬನ್ ಕೂಡ ಚೆನ್ನಾಗಿ ಉಬ್ಬಿತು. ಆದರೆ ಕಾಯಬೇಕು. ಓಟಿಜಿಯ (ಕಟ್ಟೆ ಮೇಲಿಡುವ ಕರೆಂಟ್ ಓವನ್) ದೀಪ ಹತ್ತು ನಿಮಿಷಕ್ಕೆ ಆರಿ, ಬಿಸಿಯಾಯಿತು ಅನ್ನುತ್ತದೆ. ಬಿಸಿಯಾಗಿದ್ದು ಗಾಳಿ ಮಾತ್ರ, ಕಲ್ಲಲ್ಲ. ಮುಕ್ಕಾಲು ಗಂಟೆಯಾದರೂ ಬೇಕು. 1600 ವ್ಯಾಟ್‌ನ ಓಟಿಜಿಗೆ ಅಷ್ಟರಲ್ಲಿ ಒಂದು ಯೂನಿಟ್‌ನ ಆಸುಪಾಸು ಕರೆಂಟ್. ಒಂದೇ ಒಂದು ಬನ್ನಿಗೆ ಇಷ್ಟೆಲ್ಲಾ ಯಾಕೆ ಅಂತ ಯಜಮಾನರು ಕೇಳುತ್ತಾರೆ, ಅವರ ಮಾತಲ್ಲೂ ನ್ಯಾಯ ಇದೆ. ಅದಕ್ಕೇ ನಾಲ್ಕಾರು ಐಟಂ ಒಟ್ಟಿಗೆ ಹಚ್ಚಿಕೊಳ್ಳುತ್ತೇನೆ. ಒಂದು ಲಾಭವೂ ಉಂಟು: ಬೇಯುವ ಮಧ್ಯೆ ಕರೆಂಟ್ ಹೋದರೆ ಬಾಗಿಲು ತೆಗೆಯದೆ ಬಿಟ್ಟರಾಯಿತು, ಕಲ್ಲಿನ ಬಿಸಿಯಲ್ಲೇ ಬನ್ ಬಹುಮಟ್ಟಿಗೆ ಬೆಂದಿರುತ್ತದೆ.

ಈಗ ಆ ಚೀಟಿ. "ಮೊದಲ ಬಳಕೆಗೆ ಮುನ್ನ ಎಣ್ಣೆ ಸವರಿ ಕಾಯಿಸಿ, ಪ್ರತಿ ಬಳಕೆಯ ನಂತರ ತೊಳೆಯಿರಿ" ಅಂತ ಇತ್ತು. ಎರಡೂ ಬೇಡ. ಇದು ಕಾವಲಿಗೆ ಹೇಳುವ ಮಾತು. ನಮ್ಮೂರ ಬೆಣ್ಣೆ ದೋಸೆ ಹೋಟೆಲಿನಲ್ಲಿ ನೋಡಿರುತ್ತೀರಲ್ವಾ, ಕೆಂಡದ ಒಲೆಯ ಮೇಲೆ ಕಾದ ಕಾವಲಿಗೆ ಚುಯ್ಯ್ ಅಂತ ನೀರು ಚಿಮುಕಿಸಿ, ಪೊರಕೆಯಲ್ಲಿ ಒಂದು ಸಲ ಬಳಿದು, ಮತ್ತೆ ಹಿಟ್ಟು ಹುಯ್ಯುತ್ತಾರೆ. ಕಬ್ಬಿಣ ಅದನ್ನೆಲ್ಲಾ ತಡೆಯುತ್ತದೆ. ಬಿಸಿ ಅದರೊಳಗೆ ಬೇಗ ಹರಿಯುತ್ತದೆ, ಲೋಹ ಒಂಚೂರು ಮಣಿಯುತ್ತದೆ. ಎಣ್ಣೆ ಅದರ ಮೈಮೇಲೆ ಸುಟ್ಟು ಗಟ್ಟಿ ಪದರವಾಗಿ ಕೂರುತ್ತದೆ.

ಸುಟ್ಟ ಮಣ್ಣಿನಲ್ಲಿ ಬಿಸಿ ನಿಧಾನಕ್ಕೆ ಹರಿಯುತ್ತದೆ. ಕಾದ ಕಲ್ಲಿಗೆ ನೀರು ಬಿದ್ದರೆ ಬಿದ್ದ ಜಾಗ ಕುಗ್ಗುತ್ತದೆ, ಪಕ್ಕದ ಜಾಗ ಹಿಗ್ಗಿಯೇ ಇರುತ್ತದೆ. ಆ ಎಳೆದಾಟಕ್ಕೆ ಕಲ್ಲು ಎರಡು ಹೋಳು. ಎಣ್ಣೆಯಂತೂ ಮೇಲೆ ನಿಲ್ಲುವುದೇ ಇಲ್ಲ, ಸಣ್ಣ ಸಣ್ಣ ರಂಧ್ರಗಳೊಳಗೆ ಇಳಿಯುತ್ತದೆ. 250 ಡಿಗ್ರಿಗೆ ಏರಿಸಿದಾಗ ಮನೆ ತುಂಬಾ ಹೊಗೆ. ಸುಮ್ನೆ ಇಟ್ಟರೆ ಕಮಟು ವಾಸನೆ. ಅತ್ತೆಯೂ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದುಕೊಂಡೇ ಬಂದಿದ್ದರು. "ಹೊಸ ಹಂಚು ಪಳಗಿಸಬಾರದೇನವ್ವಾ?" ಅಂದರು. "ಇದು ತಾನೇ ಪಳಗುತ್ತೆ ಅತ್ತೆ, ನೀವು ಬಿಡಿ" ಅಂದೆ. ಒಪ್ಪಲಿಲ್ಲ, ಆದರೆ ಬಟ್ಟಲು ಒಳಗೆ ಹೋಯಿತು.

ಸೋಪು ಹಾಕಲೇಬಾರದು. ಮೇಲಿನ ಮನೆಯವರು ಅವರ ಕಲ್ಲನ್ನು ನಿಂಬೆ ಪರಿಮಳದ ಲಿಕ್ವಿಡ್ ಹಾಕಿ ಪಾತ್ರೆಯ ಜೊತೆ ತೊಳೆದಿದ್ದರು. ಆಮೇಲೆ ಮಾಡಿದ ಬ್ರೆಡ್ಡಿನ ಅಡಿಯಲ್ಲಿ ಅದೇ ನಿಂಬೆ ವಾಸನೆ. ಬರೀ ಹಿಟ್ಟಿನ ಬಿಲ್ಲೆ ಬೇಯಿಸಿ ಬಿಸಾಕಿ, ಬೇಯಿಸಿ ಬಿಸಾಕಿ ಅದನ್ನು ತೆಗೆಯಬೇಕಾಯಿತು. ನಮ್ಮನೆಗೆ ಪಾತ್ರೆ ತೊಳೆಯಲು ಬರುವ ಅಕ್ಕನಿಗೂ ಮೊದಲೇ ಹೇಳಿಟ್ಟಿದ್ದೇನೆ. "ಇಷ್ಟು ಕರ್ರಗಾಗೈತಲ್ಲಕ್ಕಾ, ಸ್ಟೀಲ್ ನಾರಲ್ಲಿ ಒಂದು ಕೈ ತಿಕ್ಕಲಾ?" ಅಂತ ಈಗಲೂ ಕೇಳುತ್ತಾರೆ. ಅವರ ಕೈಗೆ ಸಿಗದಿರಲಿ ಅಂತಲೇ ಕಲ್ಲನ್ನು ಓಟಿಜಿಯೊಳಗೇ ಇಟ್ಟಿರುತ್ತೇನೆ. ಅದಕ್ಕೆ ಅದೇ ಒಳ್ಳೆಯ ಜಾಗ ಕೂಡ.

ಹಾಗಾದರೆ ಕ್ಲೀನ್ ಮಾಡೋದು ಹೇಗೆ? ಪೂರ್ತಿ ಆರಲು ಬಿಡಿ. ಬಿಸಿ ಕಲ್ಲನ್ನು ತೆಗೆದು ಗ್ರಾನೈಟ್ ಕಟ್ಟೆ ಮೇಲೆ ಇಡಬೇಡಿ, ಅಡಿ ಮಾತ್ರ ದಿಢೀರ್ ತಣ್ಣಗಾಗಿ ಸೀಳುತ್ತದೆ. ರಾತ್ರಿ ಬೇಯಿಸಿದ್ದನ್ನು ನಾನು ಬೆಳಿಗ್ಗೆಯೇ ಮುಟ್ಟೋದು. ಮರದ ಸಟ್ಟುಗದ ಅಂಚಿನಿಂದ ಕೆರೆದರೆ ಅಂಟಿದ ಹಿಟ್ಟು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಒಣ ಬ್ರಷ್‌ನಲ್ಲಿ ಗುಡಿಸಿದರೆ ಆಯಿತು. ಹೆಚ್ಚಿನ ದಿನ ಇಷ್ಟೇ ಕೆಲಸ.

ಚೀಸ್ ಸುರಿದು ಕರಕಲಾಗಿದ್ದರೆ ಅಡುಗೆ ಸೋಡಾಕ್ಕೆ ಚಮಚದಲ್ಲಿ ಅಷ್ಟಷ್ಟೇ ನೀರು ಬೆರೆಸಿ ದಪ್ಪಗೆ ಕಲಸಿ, ಆ ಜಾಗಕ್ಕಷ್ಟೇ ಹಚ್ಚಿ ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ. ನಲ್ಲಿ ಕೆಳಗೆ ಹಿಡಿಯಬೇಡಿ, ನೆನೆಸಿಡಲೂ ಬೇಡಿ. ಒರೆಸುವ ನೀರು ಫಿಲ್ಟರ್‌ದಾಗಿದ್ದರೆ ಒಳ್ಳೆಯದು. ನಮ್ಮ ಬೋರಿನ ನೀರು ಗಡಸು, ಅದರಲ್ಲಿ ಒರೆಸಿದರೆ ಒಣಗಿದ ಮೇಲೆ ಬಿಳಿ ಪುಡಿ ಏಳುತ್ತದೆ. ಹಾನಿ ಏನಿಲ್ಲ, ಒಣ ಬ್ರಷ್ ಆಡಿಸಿದರೆ ಹೋಗುತ್ತದೆ. ಆದರೆ ಬೂಷ್ಟು ಬಂತು ಅಂತ ಮನೆಯಲ್ಲಿ ಗಲಾಟೆಯಾಗುತ್ತದೆ.

ಒಣಗಿಸುವುದರಲ್ಲಿ ಅವಸರ ಬೇಡ. ಏಪ್ರಿಲ್‌ನ ನಮ್ಮೂರ ಬಿಸಿಲಿಗೆ ಒಂದು ಮಧ್ಯಾಹ್ನ ಸಾಕು. ಮಳೆಗಾಲದಲ್ಲಿ ಒಂದು ದಿನಪೂರ್ತಿ ಗಾಳಿಗೆ ಒರಗಿಸಿಟ್ಟು, ಆಮೇಲೆ ಓಟಿಜಿಯಲ್ಲಿ 100 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಅಲ್ಲಿಂದ ಮೇಲಕ್ಕೆ ಏರಿಸುತ್ತೇನೆ. ಒಳಗೆ ಪಸೆ ಇದ್ದಾಗಲೇ ಜೋರು ಕಾಯಿಸಿದರೆ ಅದು ಆವಿಯಾಗಿ ಒಳಗಿನಿಂದಲೇ ಒಡೆಯುತ್ತದೆ.

ಕಲೆ ಹೋಗಲ್ಲ. ಹೋಗಬೇಕಾಗಿಯೂ ಇಲ್ಲ. ನಮ್ಮ ಕಲ್ಲಿನ ನಡುವೆ ಕಂದು ಬಣ್ಣದ ಉಂಗುರ, ಒಂದು ಅಂಚಿಗೆ ಟೊಮೆಟೊ ಸಾಸಿನ ಕರಿ ಮಚ್ಚೆ, ಅದರ ಪಕ್ಕದಲ್ಲಿ ಬೆಣ್ಣೆ ಹನಿದ ಗುರುತು. ಬೆರಳಾಡಿಸಿದರೆ ನುಣುಪಾಗಿದೆ, ಮೂಗಿಗೆ ಹಿಡಿದರೆ ವಾಸನೆ ಇಲ್ಲ. ಅಷ್ಟು ಸಾಕು. ಮಾರುವವರ ಫೋಟೋದಲ್ಲಿ ಕಾಣುವ ಕೆನೆ ಬಣ್ಣ ಯಾರ ಮನೆಯಲ್ಲೂ ಉಳಿಯಲ್ಲ.

ಬೆಣ್ಣೆ ವಿಷಯ ಬಂತಲ್ಲ, ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ಬಿಡಿ ಅಂತ ಹೇಳೋಕಾಗುತ್ತಾ! ಆದರೆ ಬನ್ನಿಗೆ ಬೆಣ್ಣೆ ಹಚ್ಚುವುದು ಓಟಿಜಿಯಿಂದ ಹೊರಗೆ ಬಂದ ಮೇಲೆ ಇರಲಿ. ಮೊದಲೇ ಹಚ್ಚಿದರೆ ಕರಗಿ ಕಲ್ಲಿಗಿಳಿದು ಹೊಗೆಯೇಳುತ್ತದೆ. ಅಂಟದಿರಲು ಹಿಟ್ಟಿನ ಕೆಳಗೆ ಒಂದು ಚಿಟಿಕೆ ಚಿರೋಟಿ ರವೆ ಉದುರಿಸಿ, ಎಣ್ಣೆ ಬೇಕಿಲ್ಲ.

ಜೋಳದ ರೊಟ್ಟಿಗೆ ಆಗುತ್ತಾ ಅಂತ ತುಂಬಾ ಜನ ಕೇಳಿದರು. ಬೇಡ. ರೊಟ್ಟಿ ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರುತ್ತೇವೆ, ಆ ನೀರು ಅಂಚಿನಿಂದ ಜಾರಿ ಕಲ್ಲಿಗೇ ಬೀಳುತ್ತದೆ. ಗ್ಯಾಸ್ ಉರಿಯ ಮೇಲೆ ಇಟ್ಟರೆ ನಡುವೆ ಮಾತ್ರ ಕಾದು ಒಡೆಯುತ್ತದೆ. ರೊಟ್ಟಿಗೆ ಕಬ್ಬಿಣದ ಹಂಚೇ ಸರಿ. ಫ್ರೀಜರ್‌ನಿಂದ ತೆಗೆದ ಪಿಜ್ಜಾವನ್ನೂ ಕಾದ ಕಲ್ಲಿನ ಮೇಲೆ ನೇರ ಇಡಬೇಡಿ.

ಕೊಳ್ಳುವವರು ಮೊದಲು ಓಟಿಜಿಯ ಒಳ ಅಳತೆ ನೋಡಿ. ಲೀಟರ್ ಲೆಕ್ಕ ನಂಬಬೇಡಿ, ಟೇಪ್ ಹಿಡಿಯಿರಿ. ಸುತ್ತ ಎರಡು ಬೆರಳು ಜಾಗ ಬಿಡದಿದ್ದರೆ ಬಿಸಿ ಗಾಳಿ ಆಡುವುದಿಲ್ಲ, ಕೆಳಗೆ ಸೀದು ಮೇಲೆ ಹಸಿ ಉಳಿಯುತ್ತದೆ. ಸಣ್ಣ ಓಟಿಜಿ ಇರುವವರು 10 ಇಂಚಿನದ್ದು ತಗೊಳ್ಳಿ. ತಿಂಗಳಿಗೊಮ್ಮೆ ಕೇಕ್ ಮಾತ್ರ ಮಾಡುವವರಿಗೆ ಇದು ಬೇಡವೇ ಬೇಡ, ಕೇಕ್ ತಗಡಿನ ಡಬ್ಬಿಯಲ್ಲೇ ಚೆನ್ನಾಗಿ ಬೇಯುತ್ತದೆ.