ಹೆಸರು ಬೇಡದ ಸರ್ವೆ ಅಂದರು, ಯಾರೆಂದು ಎಲ್ಲರಿಗೂ ಗೊತ್ತಾಯಿತು

ಹೊರದೇಶದ ಇಂಜಿನಿಯರುಗಳನ್ನು ನಿಮ್ಮ ಪ್ರಾಜೆಕ್ಟ್ ಟೀಮಿಗೆ ಹೊಂದಿಸಿಕೊಡುತ್ತೇವೆ ಅಂತ ಯಾರಾದರೂ ಕನ್ಸಲ್ಟೆಂಟ್ ಬಂದಿದ್ದಾರಾ? ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಇದೇ ತರಹ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ನಮ್ಮದು ಯಂತ್ರಗಳ ಡಿಸೈನ್ ಟೀಮ್. ಜರ್ಮನಿ, ಜಪಾನ್, ಅಮೆರಿಕ, ಬ್ರೆಜಿಲ್‌ನಿಂದ ಹೊಸಬರು ಬಂದು ಸೇರಿದ್ದರು. ಎಲ್ಲರೂ ಕೆಲಸ ಬಲ್ಲವರೇ. ಆದರೂ ಡ್ರಾಯಿಂಗ್‌ಗಳು ತಪ್ಪಾಗಿ ವಾಪಸ್ ಬರುತ್ತಿದ್ದವು, ಮೀಟಿಂಗಿನಲ್ಲಿ ಒಪ್ಪಿದ್ದ ವಿಷಯ ಮುಂದಿನ ವಾರ ಮತ್ತೆ ಎದ್ದು ನಿಲ್ಲುತ್ತಿತ್ತು. ಹೀಗಾಗಿ ಮ್ಯಾನೇಜ್‌ಮೆಂಟ್‌ನವರು ಕನ್ಸಲ್ಟೆಂಟ್‌ಗಳನ್ನು ಕರೆಸಿದರು. ಮಾತುಕತೆಗೆ ಬಂದವರು ಅನುಭವಿಗಳು. ಕೆಲಸಕ್ಕೆ ಬಂದವರು ಬೇರೆಯೇ ಜನ, ಡಿಸೈನ್ ರಿವ್ಯೂ (ಡ್ರಾಯಿಂಗ್ ಮುಂದಿಟ್ಟುಕೊಂಡು ಎಲ್ಲರೂ ಕೂತು ಪರಿಶೀಲಿಸುವ ಮೀಟಿಂಗ್) ಅಂದರೇನು ಅಂತ ನಮ್ಮನ್ನೇ ಕೇಳಿದರು.

ವರ್ಕ್‌ಶಾಪ್ ಶುರುವಾಗಿದ್ದೇ ದೇಶಗಳ ಪಟ್ಟಿಯಿಂದ. ಒಂದೊಂದು ದೇಶದ ಮುಂದೆ ಅಲ್ಲಿನ ಸಂಸ್ಕೃತಿಯನ್ನು ಅಳೆಯುವ ಅಂಕಗಳು. ಇದು ಗೀರ್ಟ್ ಹಾಫ್‌ಸ್ಟೆಡ್ ಅನ್ನುವ ಡಚ್ ಸಂಶೋಧಕರ ಕೆಲಸ. 1960ರ ದಶಕದ ಕೊನೆ ಮತ್ತು 1970ರ ದಶಕದ ಶುರುವಿನಲ್ಲಿ ಐಬಿಎಂ ಉದ್ಯೋಗಿಗಳು ಕೊಟ್ಟ ಉತ್ತರಗಳಿಂದ ಹುಟ್ಟಿದ್ದು. ಅಂಕಗಳು ಇಡೀ ದೇಶದ ಸರಾಸರಿ. ಒಬ್ಬ ವ್ಯಕ್ತಿಯನ್ನು ಅಳೆಯಲು ಇದನ್ನು ಬಳಸಬೇಡಿ ಅಂತ ಹಾಫ್‌ಸ್ಟೆಡ್ ಅವರೇ ಹೇಳಿದ್ದಾರೆ. ನಮ್ಮ ಟ್ರೇನರ್ ಮಾಡಿದ್ದು ಅದನ್ನೇ. ಜಪಾನಿನ ಸಹೋದ್ಯೋಗಿಯ ಕಡೆ ತಿರುಗಿ, “ನೀವು ನೇರವಾಗಿ ‘ಇಲ್ಲ’ ಅನ್ನುವುದಿಲ್ಲ ಅಲ್ವಾ?” ಅಂದರು. ನಮ್ಮ ರಿವ್ಯೂಗಳಲ್ಲಿ “ಇದು ನಡೆಯಲ್ಲ” ಅಂತ ಎಲ್ಲರಿಗಿಂತ ಮೊದಲು ಹೇಳುವವರೇ ಅವರು! ಪಾಪ, ಏನು ಹೇಳುವುದು ಅಂತ ಗೊತ್ತಾಗದೆ ಸುಮ್ನೆ ನಕ್ಕರು. “ನೋಡಿದಿರಾ?” ಅಂದರು ಟ್ರೇನರ್.

ಡ್ರಾಯಿಂಗ್ ಯಾಕೆ ವಾಪಸ್ ಬರುತ್ತಿತ್ತು ಅಂತ ಆಮೇಲೆ ನಾವೇ ಕೂತು ಹುಡುಕಿದೆವು. ಒಂದು ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಪದ್ಧತಿಗೆ ಪ್ರೊಜೆಕ್ಷನ್ ಅನ್ನುತ್ತಾರೆ. ಯುರೋಪಿನಲ್ಲಿ ಫಸ್ಟ್ ಆಂಗಲ್ ಪ್ರೊಜೆಕ್ಷನ್ ರೂಢಿ, ಅಮೆರಿಕ ಮತ್ತು ಜಪಾನಿನಲ್ಲಿ ಥರ್ಡ್ ಆಂಗಲ್. ಬಲಗಡೆಯಿಂದ ಕಾಣುವ ನೋಟವನ್ನು ಮೊದಲನೆಯದರಲ್ಲಿ ಎಡಕ್ಕೆ ಬರೆಯುತ್ತಾರೆ, ಎರಡನೆಯದರಲ್ಲಿ ಬಲಕ್ಕೆ. ಯಾವುದು ಅಂತ ತೋರಿಸಲು ಟೈಟಲ್ ಬ್ಲಾಕಿನಲ್ಲಿ (ಡ್ರಾಯಿಂಗಿನ ಮೂಲೆಯ ವಿವರಗಳ ಚೌಕದಲ್ಲಿ) ತುದಿ ಕತ್ತರಿಸಿದ ಕೋನಿನ ಪುಟ್ಟ ಗುರುತು ಇರಬೇಕು. ನಮ್ಮ ಟೆಂಪ್ಲೇಟಿನಲ್ಲಿ ಅದೇ ಇರಲಿಲ್ಲ. ಒಂದು ಬ್ರಾಕೆಟ್‌ಗೆ ತೂತುಗಳೆಲ್ಲ ಎಡ ಬಲ ಅದಲುಬದಲಾಗಿ ಬಿದ್ದಿದ್ದು ಹೀಗೆ. 1,250 ಅಂತ ಬರೆದರೆ ಜರ್ಮನಿ, ಬ್ರೆಜಿಲ್‌ನವರಿಗೆ ಒಂದೂಕಾಲು, ಅಮೆರಿಕದವರಿಗೆ ಸಾವಿರದ ಇನ್ನೂರೈವತ್ತು. 03/04 ಅಂದರೆ ಅಮೆರಿಕದವರಿಗೆ ಮಾರ್ಚ್, ಉಳಿದವರಲ್ಲಿ ಕೆಲವರಿಗೆ ಏಪ್ರಿಲ್. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಕೈತಪ್ಪಿ ಹೋಗಿದ್ದು ಬಲವನ್ನು ಅಳೆಯಲು ಒಂದು ಕಡೆಯವರು ಪೌಂಡ್ ಲೆಕ್ಕ, ಇನ್ನೊಂದು ಕಡೆಯವರು ನ್ಯೂಟನ್ ಲೆಕ್ಕ ಹಿಡಿದಿದ್ದರಿಂದ. ಎರಡೂ ಕಡೆಯವರು ಅಮೆರಿಕದವರೇ.

ಇದನ್ನೆಲ್ಲ ಕನ್ಸಲ್ಟೆಂಟ್‌ಗಳ ಮುಂದಿಟ್ಟರೆ, “ಅದು ಟೆಕ್ನಿಕಲ್ ವಿಷಯ, ನಮಗೆ ಬರಲ್ಲ” ಅಂದರು.

ಇಷ್ಟೇ ಆಗಿದ್ದರೆ ದುಡ್ಡು ದಂಡ ಅಂತ ಸುಮ್ಮನಾಗುತ್ತಿದ್ದೆ. ಹಾಳು ಮಾಡಿದ್ದು ಅವರ ಸರ್ವೆ. ಹೆಸರು ಬರೆಯಬೇಕಿಲ್ಲ, ಧೈರ್ಯವಾಗಿ ಹೇಳಿ ಅಂತ ಎಲ್ಲರಿಂದ ಉತ್ತರ ತುಂಬಿಸಿಕೊಂಡರು. ರಿಪೋರ್ಟ್ ಬಂದಾಗ ಉತ್ತರಗಳನ್ನು ದೇಶವಾರು ಹಂಚಿದ್ದರು. ಬ್ರೆಜಿಲ್‌ನಿಂದ ಬಂದವರು ಟೀಮಿನಲ್ಲಿ ಒಬ್ಬರೇ. “ಬ್ರೆಜಿಲ್: ನಾಯಕತ್ವದ ಮೇಲೆ ನಂಬಿಕೆ ಕಡಿಮೆ” ಅಂತ ಕೆಂಪು ಬಣ್ಣದಲ್ಲಿ ಒಂದು ಸಾಲು. ಕೆಳಗೆ ಅವರು ಬರೆದಿದ್ದ ಮಾತು ಹಾಗೇ ಅಚ್ಚಾಗಿತ್ತು: “ತೀರ್ಮಾನ ಮೊದಲೇ ಆಗಿರುತ್ತದೆ, ನಮ್ಮನ್ನು ಕೇಳುವುದು ನಾಮಕಾವಾಸ್ತೆ.” ಇದನ್ನು ಮ್ಯಾನೇಜರ್ ಕೂಡ ಕೂತಿದ್ದ ಮೀಟಿಂಗಿನಲ್ಲಿ ಸ್ಕ್ರೀನ್ ಮೇಲೆ ಹಾಕಿದರು. ಬ್ರೆಜಿಲಿನ ಆ ಸಹೋದ್ಯೋಗಿ ತಲೆ ತಗ್ಗಿಸಿ ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲಿನ ರಿವ್ಯೂಗಳಲ್ಲಿ ಕೇಳಿದ್ದಕ್ಕಷ್ಟೇ ಉತ್ತರ. ಸ್ವಲ್ಪ ಸಮಯಕ್ಕೆ ಬೇರೆ ಪ್ರಾಜೆಕ್ಟ್ ಕೇಳಿಕೊಂಡು ಹೋದರು. ಟೀಮಿಗೆ ಹೊಂದಿಸಲು ಬಂದವರೇ ಒಬ್ಬರನ್ನು ಟೀಮಿನಿಂದ ಕಳಿಸಿದಂತಾಯಿತು. ಕನ್ಸಲ್ಟೆಂಟ್‌ಗಳ ಉತ್ತರ ಏನು ಗೊತ್ತಾ? “ಹೆಸರು ಎಲ್ಲೂ ಹಾಕಿಲ್ಲವಲ್ಲ!”

ಸರ್ವೆ ಮಾಡುವವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಐದು ಜನಕ್ಕಿಂತ ಕಡಿಮೆ ಇರುವ ಗುಂಪಿನ ಉತ್ತರವನ್ನು ಬಿಡಿಯಾಗಿ ತೋರಿಸುವುದಿಲ್ಲ ಅನ್ನುವ ಕಟ್ಟುಪಾಡನ್ನು ಎಷ್ಟೋ ಸಂಸ್ಥೆಗಳು ಪಾಲಿಸುತ್ತವೆ. ಹಾಗಾಗಿ ಮೊದಲೇ ಕೇಳಿ: ರಿಪೋರ್ಟಿನಲ್ಲಿ ತೋರಿಸುವ ಅತಿ ಚಿಕ್ಕ ಗುಂಪು ಎಷ್ಟು ಜನರದ್ದು, ಬರೆದ ಮಾತುಗಳನ್ನು ಯಾರು ಯಾರು ನೋಡುತ್ತಾರೆ. ಉತ್ತರವನ್ನು ಒಪ್ಪಂದದಲ್ಲೇ ಬರೆಸಿ. ಕೆಲಸಕ್ಕೆ ಬರುವವರು ಯಾರು ಅನ್ನುವುದೂ ಅದರಲ್ಲಿರಲಿ. ವರ್ಕ್‌ಶಾಪ್‌ಗೆ ಮುಂಚೆ ನಿಮ್ಮ ರಿವ್ಯೂಗಳಲ್ಲಿ ಬಂದು ಕೂರಲು ಅವರು ಒಪ್ಪದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಹಣದ ಕಂತುಗಳನ್ನೂ ಗಮನಿಸಿ. ನಮ್ಮ ಒಪ್ಪಂದದಲ್ಲಿ ವರ್ಕ್‌ಶಾಪ್ ಮುಗಿದರೆ ಒಂದು ಕಂತು, ರಿಪೋರ್ಟ್ ಕೊಟ್ಟರೆ ಇನ್ನೊಂದು. ಕೆಲಸ ಸುಧಾರಿಸಿತಾ ಅಂತ ಕೇಳುವ ಸಾಲೇ ಇರಲಿಲ್ಲ. ಬಿಲ್ ಪೂರ್ತಿ ಪಾವತಿಯಾಯಿತು.

ಈಗ ನಮ್ಮಲ್ಲಿ ಒಂದು ಪುಟದ ಹಾಳೆ ಇದೆ. ಪ್ರೊಜೆಕ್ಷನ್ ಯಾವುದು, ದಶಮಾಂಶಕ್ಕೆ ಚುಕ್ಕೆಯೋ ಅಲ್ಪವಿರಾಮವೋ, ಯಾವ ತೀರ್ಮಾನಕ್ಕೆ ಯಾರ ಸಹಿ, ಎಲ್ಲ ಅದರಲ್ಲಿದೆ. ತಾರೀಖು ಐಎಸ್ಒ 8601 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. ಬರೆದವರು ನಮ್ಮ ಟೀಮಿನ ಇಬ್ಬರೇ, ಒಬ್ಬರು ಜರ್ಮನಿಯವರು, ಇನ್ನೊಬ್ಬರು ಜಪಾನಿನ ಆ ಸಹೋದ್ಯೋಗಿ.

ನಿಮ್ಮಲ್ಲಿ ಇಂಥ ಸರ್ವೆ ಆಗಲೇ ಮುಗಿದಿದ್ದರೆ, ರಿಪೋರ್ಟ್ ಮೊದಲು ನೀವೊಬ್ಬರೇ ತೆರೆದು ನೋಡಿ. ದೇಶವಾರು ಕಾಲಂ ಕಂಡರೆ ಯಾರಿಗೂ ಫಾರ್ವರ್ಡ್ ಮಾಡದೆ ವಾಪಸ್ ಕಳಿಸಿ, ತೆಗೆದು ಕೊಡಿ ಅನ್ನಿ.