ಸ್ಮಾಲ್ ಸಿಕ್ಲಡೀಸ್ ದ್ವೀಪಗಳಿಗೆ ಹೊರಟವರೇ, ಕೊನೆಯ ರಾತ್ರಿ ಅಲ್ಲಿ ಉಳಿಯಬೇಡಿ

ಗ್ರೀಸ್‌ನ ನಾಕ್ಸೊಸ್ ಮತ್ತು ಅಮೊರ್ಗೊಸ್ ದ್ವೀಪಗಳ ಸುತ್ತಲಿನ ಸಮುದ್ರದಲ್ಲಿ ಇರಾಕ್ಲಿಯಾ, ಸ್ಖಿನೂಸಾ, ಕೂಫೊನೀಸಿ, ದೊನೂಸಾ ಎಂಬ ಪುಟ್ಟ ದ್ವೀಪಗಳಿವೆ. ಸ್ಯಾಂಟೊರಿನಿಯ ನೂಕುನುಗ್ಗಲು ಬೇಡ ಅನ್ನುವವರಿಗೆ ಒಳ್ಳೆಯ ಜಾಗ. ಎಡವಟ್ಟಾಗುವುದು ವಾಪಸ್ ಬರುವಾಗ.

ಆಗುವುದು ಹೀಗೆ. ಸೋಮವಾರ ರಾತ್ರಿ ಅಥೆನ್ಸ್‌ನಿಂದ ವಿಮಾನ ಇರುತ್ತದೆ. ಭಾನುವಾರ ಕೂಫೊನೀಸಿಯಲ್ಲೇ ಉಳಿದು, ಬೆಳಿಗ್ಗೆ ಚಿಕ್ಕ ಹಡಗು ಹಿಡಿದು ನಾಕ್ಸೊಸ್‌ಗೆ, ಅಲ್ಲಿಂದ ಐದು ಗಂಟೆಗೂ ಹೆಚ್ಚು ಹೊತ್ತಿನ ದೊಡ್ಡ ಹಡಗಿನಲ್ಲಿ ಅಥೆನ್ಸ್‌ನ ಬಂದರು ಪಿರೇಯಸ್‌ಗೆ ಎಂಬ ಲೆಕ್ಕಾಚಾರ. ಬಂದರಿಗೆ ಬಂದರೆ ಹಡಗೇ ಇಲ್ಲ. ಟಿಕೆಟ್ ಕೊಡುವವರು ಹೇಳುವುದು ಒಂದೇ ಪದ: 'ಅಪಗೊರೆಫ್ತಿಕೊ', ಸಂಚಾರ ನಿಷೇಧ. ಆಕಾಶ ನೋಡಿದರೆ ನೀಲಿ, ಬಿಸಿಲು ಫಳಫಳ! ಮೋಡ ಕವಿದು ಮಳೆ ಸುರಿದರೆ ಮಾತ್ರ ಕಡಲು ಕೆಟ್ಟಿತು ಎಂದುಕೊಳ್ಳುವ ನಮ್ಮ ಕರಾವಳಿಯ ಅಂದಾಜು ಇಲ್ಲಿ ನಡೆಯದು.

ಕಾರಣ ಮೆಲ್ತೆಮಿ ಎಂಬ ಉತ್ತರದ ಒಣಗಾಳಿ. ಜುಲೈ, ಆಗಸ್ಟ್‌ನಲ್ಲಿ ಇದರ ಅಬ್ಬರ ಹೆಚ್ಚು. ಹಿಡಿದರೆ ಎರಡು ಮೂರು ದಿನ, ಕೆಲವೊಮ್ಮೆ ವಾರವೂ ಬಿಡುವುದಿಲ್ಲ. ಗಾಳಿಯ ಬಲ ಅಳೆಯುವ ಬೊಫರ್ಟ್ ಮಾಪಕದಲ್ಲಿ 8 ಮುಟ್ಟಿತೆಂದರೆ, ಅಂದರೆ ಗಂಟೆಗೆ 62ರಿಂದ 74 ಕಿ.ಮೀ. ವೇಗಕ್ಕೇರಿದರೆ, ಸಣ್ಣ ಹಡಗುಗಳನ್ನು ಬಿಡುವುದಿಲ್ಲ. ಹೈಸ್ಪೀಡ್ ದೋಣಿಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ನಾಲ್ಕರಲ್ಲಿ ದೊನೂಸಾ ಒಂಟಿಯಾಗಿ ನಾಕ್ಸೊಸ್‌ನ ಪೂರ್ವಕ್ಕಿದೆ, ಉತ್ತರದ ಗಾಳಿಗೆ ಮರೆಯಿಲ್ಲ. ಅಲ್ಲಿಗೆ ಹಡಗು ಬರುವ ದಿನಗಳೂ ಕಡಿಮೆ. ಸುತ್ತಾಟದ ಕೊನೆಗೆ ದೊನೂಸಾ ಇಟ್ಟುಕೊಳ್ಳುವುದು ಕೇಡು ಕೈಬೀಸಿ ಕರೆದಂತೆ, ಮೊದಲಿಗೇ ಮುಗಿಸಿ.

ಹಡಗು ರದ್ದಾದರೆ ಟಿಕೆಟ್ ಹಣ ವಾಪಸ್ ಅಥವಾ ಮುಂದಿನ ಹಡಗು ಕೇಳಬಹುದು, ಯುರೋಪಿನ ನಿಯಮವೇ ಇದೆ. ಆದರೆ ಹವಾಮಾನ ಕಾರಣವಾದರೆ ಹೋಟೆಲ್ ಖರ್ಚಾಗಲಿ ಪರಿಹಾರವಾಗಲಿ ಕೊಡಬೇಕಿಲ್ಲ. ಬೇರೆಯಾಗಿ ಕೊಂಡ ವಿಮಾನದ ಟಿಕೆಟ್ ಹೋದರೆ ಹೋಯಿತು. ಗ್ರೀಸ್‌ಗೆ ಬೇಕಾಗುವ ಷೆಂಗೆನ್ ವೀಸಾದಲ್ಲಿ ಕೊನೆಯ ತಾರೀಕಷ್ಟೇ ಅಲ್ಲ, ಎಷ್ಟು ದಿನ ಇರಬಹುದು ಎಂಬ ಅಂಕಿಯೂ ಇರುತ್ತದೆ. ಅದು ನಿಮ್ಮ ಪ್ರವಾಸದಷ್ಟೇ ಇದ್ದರೆ, ಎರಡು ದಿನ ಸಿಕ್ಕಿಹಾಕಿಕೊಂಡರೂ ಅವಧಿ ಮೀರಿದಂತೆ. ಅರ್ಜಿ ಹಾಕುವಾಗಲೇ ಎರಡು ಮೂರು ದಿನ ಹೆಚ್ಚಿಟ್ಟು ಕೇಳಿ.

ಹಾಗಾಗಿ ವಿಮಾನದ ಹಿಂದಿನ ರಾತ್ರಿ ಅಥೆನ್ಸ್‌ನಲ್ಲಿ, ಅದರ ಹಿಂದಿನದು ನಾಕ್ಸೊಸ್‌ನಲ್ಲಿ. ನಾಕ್ಸೊಸ್‌ಗೆ ದೊಡ್ಡ ಹಡಗುಗಳು ಹೆಚ್ಚು, ಅಥೆನ್ಸ್‌ಗೆ ಸಣ್ಣ ವಿಮಾನವೂ ಉಂಟು.

ಟಿಕೆಟ್ ಮಾಡುವಾಗ ಹೆಸರುಗಳನ್ನು ನಿಧಾನವಾಗಿ ಓದಿ. ಇರಾಕ್ಲಿಯಾ ಈ ಪುಟ್ಟ ದ್ವೀಪ. ಇರಾಕ್ಲಿಯೊ ಎಂದರೆ ದೂರದ ದೊಡ್ಡ ದ್ವೀಪ ಕ್ರೀಟ್‌ನ ಮಹಾನಗರ. ಕ್ರೀಟ್‌ನ ದಕ್ಷಿಣಕ್ಕೆ ಇನ್ನೊಂದು ಕೂಫೊನೀಸಿ ಇದೆ, ಜನವಸತಿಯೇ ಇಲ್ಲದ್ದು. ಅಮೊರ್ಗೊಸ್‌ಗೆ ಕತಾಪೊಲಾ, ಎಗ್ಯಾಲಿ ಎಂದು ಎರಡು ಬಂದರು. ನಡುವೆ ಗುಡ್ಡದ ರಸ್ತೆ, ಒಂದರಲ್ಲಿ ಇಳಿದು ಇನ್ನೊಂದರಲ್ಲಿ ರೂಮ್ ಮಾಡಿದವರು ಟ್ಯಾಕ್ಸಿಗೆ ಹುಡುಕಾಡುತ್ತಾರೆ.

ನಗದು ನಾಕ್ಸೊಸ್‌ನಲ್ಲೇ ತೆಗೆದುಕೊಳ್ಳಿ, ಪುಟ್ಟ ದ್ವೀಪಗಳ ಎಟಿಎಂ ನಂಬಿ ಕೂರಬೇಡಿ. ಗಂಭೀರ ಕಾಯಿಲೆಗೆ ನಾಕ್ಸೊಸ್‌ಗೋ ಅಥೆನ್ಸ್‌ಗೋ ಸಾಗಿಸಬೇಕಾಗುತ್ತದೆ, ಗಾಳಿ ಇದ್ದರೆ ಅದೂ ಕಷ್ಟ. ಬಿಪಿ, ಶುಗರ್ ಮಾತ್ರೆ ಒಂದು ವಾರಕ್ಕೆ ಹೆಚ್ಚೇ ಇರಲಿ. ತುರ್ತಿಗೆ 112.

ಕೂಫೊನೀಸಿಯ ಎದುರಿಗೆ ಕಾಣುವ ಕೇರೊಸ್ ದ್ವೀಪಕ್ಕೆ ಕರೆದೊಯ್ಯುತ್ತೇನೆ ಎಂದು ಯಾರಾದರೂ ದೋಣಿ ಹತ್ತಿಸಲು ಬಂದರೆ ಒಪ್ಪಬೇಡಿ. ಅಲ್ಲಿನ ಪುರಾತನ ನೆಲದಿಂದ ಅಮೃತಶಿಲೆಯ ಬೊಂಬೆಗಳನ್ನು ಲೂಟಿಮಾಡಿದ್ದರು. ಅನುಮತಿಯಿಲ್ಲದೆ ಇಳಿಯುವುದಕ್ಕೆ ನಿಷೇಧವಿದೆ.