ಬಯಲು ಸೀಮೆಗೆ ಯಾವ ವೈಡ್ ಲೆನ್ಸ್? 10-18, 11-16 ಎರಡನ್ನೂ ಹಾಕಿ ನೋಡಿದೆ

ವೈಡ್ ಆ್ಯಂಗಲ್ ಲೆನ್ಸ್ ಕೊಳ್ಳುವ ಮುಂಚೆ ಎಲ್ಲರೂ ಸ್ಯಾಂಪಲ್ ಫೋಟೋ ನೋಡುತ್ತೇವೆ. ಅವುಗಳಲ್ಲಿ ಜಾಸ್ತಿ ಇರುವುದು ಹಿಮದ ಬೆಟ್ಟ, ಸಮುದ್ರ, ಕಣಿವೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಇರುವುದು ಬಯಲು, ಕಪ್ಪು ಮಣ್ಣು, ಕಣ್ಣು ಕುಕ್ಕುವ ಬಿಸಿಲು. ಅಲ್ಲಿ ಚೆಂದ ಕಂಡ ಲೆನ್ಸ್ ಇಲ್ಲೂ ಚೆಂದ ಕಾಣಬೇಕು ಅಂತೇನಿಲ್ಲ. ಅದಕ್ಕೇ ಎರಡು ಲೆನ್ಸ್ ಹಿಡಿದುಕೊಂಡು ನಮ್ಮ ಜಾಗಗಳಲ್ಲೇ ತೆಗೆದು ನೋಡಿದೆ. ಒಂದು ನನ್ನ 10-18 ಎಂಎಂ (ಎಂಎಂ ಕಡಿಮೆಯಾದಷ್ಟು ನೋಟ ಅಗಲ), ಎಫ್ 4.5-5.6 (ಎಫ್ ಸಂಖ್ಯೆ ಸಣ್ಣದಾದಷ್ಟು ಬೆಳಕು ಜಾಸ್ತಿ). ಇನ್ನೊಂದು ಗೆಳೆಯರ 11-16, ಎಫ್ 2.8. ಎರಡೂ ಎಪಿಎಸ್-ಸಿ, ಅಂದರೆ ಫುಲ್ ಫ್ರೇಮ್‌ಗಿಂತ ಸಣ್ಣ ಸೆನ್ಸರ್ ಇರುವ ಕ್ಯಾಮೆರಾಗೆ ಅಂತಲೇ ಮಾಡಿದವು. ನನ್ನ ಕ್ಯಾಮೆರಾದ ಕ್ರಾಪ್ 1.6, ಅಂದರೆ ಫುಲ್ ಫ್ರೇಮ್‌ಗೆ ಹೋಲಿಸಲು ಎಂಎಂ ಅನ್ನು 1.6ರಿಂದ ಗುಣಿಸಬೇಕು. ಹಾಗಾಗಿ 10 ಎಂಎಂ ಅಂದರೆ ಫುಲ್ ಫ್ರೇಮ್‌ನ 16ರಷ್ಟು ಅಗಲ, 11 ಅಂದರೆ ಸುಮಾರು 18ರಷ್ಟು. ಹಗಲಿನ ಲ್ಯಾಂಡ್‌ಸ್ಕೇಪ್‌ಗೆ ನನ್ನ ಓಟು 10-18ಕ್ಕೆ.

ಹೆಚ್ಚು ಹೊತ್ತು ಪರೀಕ್ಷೆ ಮಾಡಿದ್ದು ಅಷ್ಟೂರಿನಲ್ಲಿ. ಬೀದರ್ ಹತ್ತಿರದ ಈ ಊರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅದರಲ್ಲಿ ಹುಮಾಯೂನ್ ಶಾಹನ ಗೋರಿಯ ಗುಮ್ಮಟ ಸಿಡಿಲು ಬಡಿದು ಸೀಳಿದೆ. ಒಂದು ಭಾಗ ಬಿದ್ದುಹೋಗಿ ಉಳಿದದ್ದು ಹಾಗೇ ನಿಂತಿದೆ. ಲೆನ್ಸ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಒಡೆದ ಅಂಚು ಕಪ್ಪಗಿದೆ, ಹಿಂದಿನ ಆಕಾಶ ಬೆಳ್ಳಗಿದೆ. ಆ ಅಂಚನ್ನು ಫ್ರೇಮಿನ ಮೂಲೆಗೆ ಬರುವಂತೆ ಇಟ್ಟು ಎಫ್ 8ರಲ್ಲಿ ಎರಡರಲ್ಲೂ ತೆಗೆದೆ. ನಡುವಿನ ಭಾಗ ನೋಡಿದರೆ ಯಾವುದು ಯಾವ ಲೆನ್ಸಿನದು ಅಂತ ಹೇಳಲಾಗುವುದಿಲ್ಲ. ಮೂಲೆಗೆ ಹೋಗಿ 100 ಪರ್ಸೆಂಟ್ ಜೂಮ್ ಮಾಡಿದರೆ ಬಣ್ಣ ಬಯಲಾಗುತ್ತದೆ. 11-16ರಲ್ಲಿ ಅಂಚಿನುದ್ದಕ್ಕೂ ಕೆಂಪು ಗೆರೆ, ಎದುರು ಬದಿಯ ಅಂಚಿಗೆ ಹಸಿರು ಗೆರೆ. 10-18ರಲ್ಲೂ ಇದೆ, ಆದರೆ ತೆಳ್ಳಗೆ. ಅದರ ಮೂಲೆ ಮಾತ್ರ ಸ್ವಲ್ಪ ಮೆತ್ತಗೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಇದ್ದರೆ ಈ ಗೆರೆಗಳನ್ನು ಸಾಫ್ಟ್‌ವೇರ್‌ನಲ್ಲಿ ಒಂದು ಟಿಕ್ ಹಾಕಿ ತೆಗೆಯಬಹುದು. ಇದೊಂದಕ್ಕಾಗಿ ಲೆನ್ಸ್ ಬೇಡ ಅನ್ನಬೇಕಾಗಿಲ್ಲ.

ಫ್ಲೇರ್ (ನೇರ ಬೆಳಕು ಲೆನ್ಸಿನೊಳಗೆ ಚದುರಿ ಬೀಳುವ ಚುಕ್ಕೆ, ಮಬ್ಬು) ಹಾಗಲ್ಲ, ಅದನ್ನು ಆಮೇಲೆ ಸರಿ ಮಾಡುವುದು ಕಷ್ಟ. ಬೆಳಗಿನ ಸೂರ್ಯ ಗುಮ್ಮಟದ ಪಕ್ಕದಿಂದ ಇಣುಕುವಾಗ ಎರಡರಲ್ಲೂ ತೆಗೆದೆ. 11-16ರ ಫೋಟೋದಲ್ಲಿ ಹುಲ್ಲಿನ ಮೇಲೆ ಬಣ್ಣದ ಚುಕ್ಕೆಗಳ ಸಾಲು ಬಿತ್ತು. ನೆರಳಿನ ಗೋಡೆ ಪೇಲವ ಆಯಿತು. 10-18ರಲ್ಲಿ ಒಂದೆರಡು ಚಿಕ್ಕ ಚುಕ್ಕೆ, ಅಷ್ಟೇ. ಗೋಡೆಯ ಕಪ್ಪು ಕಪ್ಪಾಗಿಯೇ ಉಳಿಯಿತು. ನಮ್ಮ ಬಯಲಿನಲ್ಲಿ ಸೂರ್ಯನನ್ನು ಮರೆ ಮಾಡಲು ಬೆಟ್ಟ ಇಲ್ಲ, ಕಾಡಿಲ್ಲ. ಇಷ್ಟು ಅಗಲದ ಲೆನ್ಸಿನಲ್ಲಿ ಅವನು ಎಲ್ಲೋ ಒಂದು ಕಡೆ ಒಳಗೆ ಬಂದೇ ಬರುತ್ತಾನೆ. ಇಲ್ಲೇ ನನ್ನ ತೀರ್ಮಾನ ಆಯಿತು. ಹಾಗಂತ ಸೂರ್ಯನಿಂದ ಕಿರಣ ಚಿಮ್ಮುವಂತೆ ಕಾಣುವ ನಕ್ಷತ್ರ 11-16ರಲ್ಲೇ ಚೆಂದ. ಅದರ ಅಪರ್ಚರ್‌ಗೆ (ಬೆಳಕು ಒಳಗೆ ಬರುವ ಕಂಡಿಗೆ) 9 ಬ್ಲೇಡ್, 10-18ಕ್ಕೆ 7. ಬ್ಲೇಡ್ ಬೆಸ ಸಂಖ್ಯೆಯಲ್ಲಿದ್ದರೆ ಕಿರಣ ಎರಡರಷ್ಟು. ಹೀಗಾಗಿ ಒಂದರಲ್ಲಿ 18, ಇನ್ನೊಂದರಲ್ಲಿ 14. ಅದಕ್ಕಾಗಿ ಎಫ್ 16ಕ್ಕೆ ಹೋದರೆ ಮಾತ್ರ ಎರಡರಲ್ಲೂ ವಿವರ ಮೆತ್ತಗಾಗುತ್ತದೆ.

ಇನ್ನು ತೊಗರಿ ಹೊಲ. ಕಲಬುರಗಿ ತೊಗರಿ ಹಳದಿ ಹೂ ಬಿಟ್ಟಾಗ ದೂರ ನಿಂತು ವೈಡ್‌ನಲ್ಲಿ ತೆಗೆದರೆ ಏನೂ ಸಿಗುವುದಿಲ್ಲ. ನಡುವೆ ಒಂದು ಹಳದಿ ಪಟ್ಟಿ, ಮೇಲೆ ಖಾಲಿ ಆಕಾಶ. ಗಿಡದ ಹತ್ತಿರ ಹೋಗಿ ಕೂತುಬಿಡಬೇಕು. 10-18 ಸುಮಾರು 22 ಸೆಂಟಿಮೀಟರ್‌ವರೆಗೆ ಫೋಕಸ್ ಮಾಡುತ್ತದೆ, 11-16ಕ್ಕೆ 30 ಬೇಕು. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಹೊಲದಲ್ಲಿ ಹಾಗಲ್ಲ. 22ರಲ್ಲಿ ಒಂದು ಗೊಂಚಲು ಫ್ರೇಮಿನ ಕಾಲು ಭಾಗ ತುಂಬುತ್ತದೆ. ಎಸಳಿನ ಬೆನ್ನಿನ ಕೆಂಪು ಗೆರೆ ಕಾಣುತ್ತದೆ, ಬುಡದಲ್ಲಿ ಬಿರಿದ ಮಣ್ಣು ಕಾಣುತ್ತದೆ, ಹಿಂದೆ ಸಾಲು ಓಡಿಹೋಗುತ್ತದೆ. ಕ್ಯಾಮೆರಾ ಹಿಂದಿನ ಸ್ಕ್ರೀನ್‌ನಲ್ಲಿ ಅದನ್ನು ನೋಡಿ ಹೊಲದವರು, ‘ನಮ್ಮ ಹೊಲ ಇಷ್ಟ್ ದೊಡ್ಡದು ಕಾಣ್ತದಲ್ರೀ ಸರ’ ಅಂದರು. ವೈಡ್ ಲೆನ್ಸಿನ ಕೆಲಸವೇ ಅದು, ಅಲ್ವಾ? ಹತ್ತಿರದ್ದನ್ನು ದೊಡ್ಡದು ಮಾಡಿ, ದೂರದ್ದನ್ನು ಇನ್ನೂ ದೂರ ತಳ್ಳುತ್ತದೆ.

ಇದೇ ಕಾರಣಕ್ಕೆ ಶಹಾಪುರದ ಬುದ್ಧ ಮಲಗಿದ ಬೆಟ್ಟಕ್ಕೆ (ದೂರದಿಂದ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ) ಎರಡೂ ಬೇಡ. 10 ಎಂಎಂನಲ್ಲಿ ಮಲಗಿದ ಬುದ್ಧ ಒಂದು ಸಣ್ಣ ಉಬ್ಬು ಅಷ್ಟೇ. ಕ್ಯಾಮೆರಾ ಜೊತೆ ಬರುವ 18-55ನ್ನೇ 55ಕ್ಕೆ ತಿರುಗಿಸಿ ತೆಗೆಯಿರಿ.

ಕಲಬುರಗಿ ಕೋಟೆಯ ಜಾಮಿಯಾ ಮಸೀದಿ 1367ರದ್ದು. ಅಂಗಳವೂ ಸೇರಿ ಪೂರ್ತಿ ಮಾಡಿನ ಕೆಳಗಿದೆ, ಒಳಗೆ ಬೆಳಕು ಕಡಿಮೆ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಕೇಳಬೇಕು. ಎಫ್ 2.8 ಇರುವುದೇ ಇಲ್ಲಿ ಗೆಲ್ಲುತ್ತದೆ ಅಂದುಕೊಳ್ಳುತ್ತೇವೆ. ಆದರೆ ಕಮಾನುಗಳು ಅಲ್ಲಾಡುವುದಿಲ್ಲವಲ್ಲ. 10-18ರ ಸ್ಟೆಬಿಲೈಸರ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಹಾಕಿಕೊಂಡು ಕೈಯಲ್ಲೇ ನಿಧಾನ ಶಟರ್‌ನಲ್ಲಿ ತೆಗೆಯಬಹುದು. 11-16ಕ್ಕೆ ಸ್ಟೆಬಿಲೈಸರ್ ಇಲ್ಲ.

ರಾತ್ರಿ ಮಾತ್ರ 11-16ರದ್ದೇ. ಎಫ್ 2.8 ಅಂದರೆ 4.5ಕ್ಕಿಂತ ಎರಡೂವರೆ ಪಟ್ಟು ಬೆಳಕು. 11-16ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ; ಹೆಚ್ಚಾದಷ್ಟು ಫೋಟೋ ಕಾಳುಕಾಳು) 3200 ಸಾಕಾದರೆ 10-18ರಲ್ಲಿ 8000 ಬೇಕು. ಚಿಂಚೋಳಿ ಕಾಡಿನ ಕಡೆ ಹೋಗಿ ನಕ್ಷತ್ರ ತೆಗೆಯುವವರು ಬೇರೆ ಯೋಚನೆ ಮಾಡಬೇಕಾಗಿಲ್ಲ.

ತೂಕದಲ್ಲಿ 10-18 ಕೇವಲ 240 ಗ್ರಾಂ, ಇನ್ನೊಂದು ಅದರ ಎರಡರಷ್ಟಕ್ಕಿಂತ ಜಾಸ್ತಿ. ಫಿಲ್ಟರ್ ಅಳತೆ 67 ಮತ್ತು 77 ಎಂಎಂ, ದೊಡ್ಡದಕ್ಕೆ ರೊಕ್ಕ ಜಾಸ್ತಿ. ಆಕಾಶದ ನೀಲಿಯನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಎರಡಕ್ಕೂ ಬೇಡ. ಇಷ್ಟು ಅಗಲದಲ್ಲಿ ಆಕಾಶದ ಒಂದು ಕಡೆ ಕಡು ನೀಲಿ, ಇನ್ನೊಂದು ಕಡೆ ತಿಳಿ ಬರುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಮಾರುವವರ ಸೂರ್ಯಾಸ್ತದ ಫೋಟೋ ನೋಡಿ ಒಪ್ಪಬೇಡಿ. ಇಟ್ಟಿಗೆ ಗೋಡೆಗೆ ನೇರ ನಿಂತು ಎಫ್ 8ರಲ್ಲಿ ಒಂದು ತೆಗೆಯಿರಿ, ನಾಲ್ಕೂ ಮೂಲೆ ಜೂಮ್ ಮಾಡಿ. ಒಂದೇ ಮೂಲೆ ಮಸುಕಾಗಿದ್ದರೆ ಒಳಗಿನ ಗಾಜು ಸರಿದಿರಬಹುದು. ಆ ಲೆನ್ಸ್ ಬೇಡ.